ತ್ಯಾಗಮಯಿ ಪಂಡಿತಾ ರಮಾಬಾಯಿ

ಉಳ್ಳವರು ಕೊಡುವುದು ದೊಡ್ಡ ಗುಣವೇ ಸರಿ. ಆದರೆ ನಾಳೆಗೆ ಏನೆಂದು ತಿಳಿಯದವರು ಇಂದು ಕೈಯಲ್ಲಿದ್ದುದನ್ನೆಲ್ಲ ಕೊಟ್ಟುಬಿಡುವುದು ಅದಕ್ಕಿಂತ ದೊಡ್ಡದು. ಇಂಥ ದಾನದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. ಅವರ ಪಾಂಡಿತ್ಯವನ್ನು ಕೇಳಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ದೈವನಂಬಿಕೆಯನ್ನು ಅರಿತವರು ಕಡಮೆ. ಆದುದರಿಂದ ಆ ಭಾಗವನ್ನೇ ಇಲ್ಲಿ ತುಸು ವಿಸ್ತರಿಸಿ ಹೇಳಬಯಸುತ್ತೇನೆ.

ರಮಾಬಾಯಿ ಹುಟ್ಟಿದ್ದು ನಮ್ಮ ನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧಕ್ಕೆ ಗುರಿಯಾಗಿ ಕಾಡಿನಲ್ಲಿ ಮನೆ ಮಾಡಿದ್ದರು. ಬಂದ ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಆಸ್ತಿ ಕರಗಿತು. ರಮೆಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ಊರು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿದ ಕೂಸು ಆಳಿನ ತಲೆಯ ಮೇಲೆ ಘಟ್ಟವಿಳಿಯಿತು. ಮುಂದೆ ಬಹುಕಾಲ ತೀರ್ಥಯಾತ್ರೆ, ಪುರಾಣಪ್ರವಚನಗಳೇ ಅವರ ಜೀವನ.

1870ರ ದಶಕದ ಕ್ಷಾಮದಲ್ಲಿ ಆ ಜೀವನವೂ ಮುರಿದುಬಿತ್ತು. ಒಡವೆ, ಪಾತ್ರೆ, ಬಟ್ಟೆಗಳನ್ನು ಮಾರಿ ತಿಂದದ್ದಾಯಿತು. ಕೊನೆಗೆ ನೀರು, ಎಲೆ, ಕಾಡಿನ ಈಚಲಹಣ್ಣುಗಳೇ ಆಹಾರವಾದವು. ಮೊದಲು ತಂದೆ ಸತ್ತರು. ತಾಯಿ ಹಸಿವಿನಿಂದ ನರಳುತ್ತಿದ್ದಾಗ ಹುಡುಗಿ ಒಂದು ತುಂಡು ರೊಟ್ಟಿಗಾಗಿ ನೆರೆಮನೆಯ ಬಾಗಿಲಿಗೆ ಹೋದಳು. ಅಭಿಮಾನದಿಂದ ಬಾಯಿ ತೆರೆಯಲಾಗಲಿಲ್ಲ. ಆ ಮನೆಯಾಕೆಯೇ ಅರಿತು ಕೊಟ್ಟ ರೊಟ್ಟಿಯನ್ನು ತಂದಾಗ ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ತಾಯಿಯ ಹಿಂದೆಯೇ ಅಕ್ಕನೂ ಹೋದಳು. ಆ ರೊಟ್ಟಿಯ ತುಂಡು ರಮಾಬಾಯಿಯ ಮುಂದಿನ ಬಾಳನ್ನೆಲ್ಲ ಆಳಿತೆಂದು ನಾನು ಭಾವಿಸುತ್ತೇನೆ.

ಅಣ್ಣನೊಡನೆ ನಾಡೆಲ್ಲ ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದ ಈ ತರುಣಿಯನ್ನು ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂದು ಗೌರವಿಸಿದರು. 1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರೊಡನೆ ವಿವಾಹ, 1882ರಲ್ಲಿ ವೈಧವ್ಯ. ಕಂಕುಳಲ್ಲಿ ಮಗಳು ಮನೋರಮೆ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿದರು. ಅನಂತರ ಅಮೆರಿಕೆಗೆ ಹೋದಾಗ, ನಮ್ಮ ವಿಧವೆಯರ ಕಷ್ಟಗಳನ್ನು ಕೇಳಿದ ಅಲ್ಲಿಯ ಮಿತ್ರರು ಹತ್ತು ವರ್ಷ ನೆರವು ನೀಡಲು ಒಪ್ಪಿದರು. ಆ ಬಲದಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಮತಾಂತರದ ಶಂಕೆಯಿಂದ 1893ರಲ್ಲಿ ಅನೇಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು. ಆ ವಾದದಲ್ಲಿ ಎರಡು ಕಡೆಯ ನೋವನ್ನೂ ನಾವು ಅರ್ಥಮಾಡಿಕೊಳ್ಳಬಹುದು.

ನಿಜವಾದ ಪರೀಕ್ಷೆ ಬಂದದ್ದು 1896ರಲ್ಲಿ. ಮಧ್ಯಪ್ರಾಂತದಲ್ಲಿ ಘೋರ ಕ್ಷಾಮ. ಅಮೆರಿಕೆಯ ಹಣ ಸದನದ ವಿಧವೆಯರಿಗಷ್ಟೇ ಮೀಸಲು. ಹತ್ತು ವರ್ಷದ ಅವಧಿಯೂ ಮುಗಿಯುತ್ತ ಬಂದಿತ್ತು. ಲೆಕ್ಕ ಬಲ್ಲವರು ಸುಮ್ಮನಿರಿ ಎಂದೇ ಹೇಳಬೇಕಾದ ಹೊತ್ತು. ಆದರೆ ತಾನು ಒಮ್ಮೆ ಹಸಿದವಳು ಎಂಬುದನ್ನು ಮರೆಯದ ಈಕೆ ದೇವರು ಕೊಡುವನೆಂದು ನಂಬಿ ಹೊರಟರು. ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಉಳಿಸಿ ತಂದರು. ಪ್ಲೇಗಿನ ನಿರ್ಬಂಧದಿಂದ ಅವರನ್ನು ಪುಣೆಯಲ್ಲಿಡುವಂತಿರಲಿಲ್ಲ. ಕೇಡಗಾಂವದ ಬಯಲು ಹೊಲದಲ್ಲಿ ಡೇರೆ ಹಾಕಿದರು. ಅದೇ ಮುಕ್ತಿ ಸದನವಾಯಿತು. 1900ರ ಕ್ಷಾಮದ ವೇಳೆಗೆ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ 2000ದ ಹತ್ತಿರ ಬಂತು.

ಇಷ್ಟು ಮಂದಿಗೆ ದಿನವೂ ಅನ್ನ ಎಲ್ಲಿಂದ? ಪ್ರಾರ್ಥನೆಯೇ ಅವರ ಮೊದಲ ಆಸರೆ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಯಾರಲ್ಲಿಯೂ ಬೇಡದೆ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಿ ಅವರು ಧೈರ್ಯ ಪಡೆದಿದ್ದರು. ಆದರೆ ನಂಬಿಕೆಯೆಂದರೆ ಕೈಕಟ್ಟಿ ಕೂರುವುದೆಂದು ಅವರು ತಿಳಿಯಲಿಲ್ಲ. ಹೊಲದ ಬೇಸಾಯ, ನೇಯ್ಗೆ, ಅಚ್ಚುಕೂಟಗಳಲ್ಲಿ ಹೆಣ್ಣುಮಕ್ಕಳೇ ದುಡಿದರು. ಕುರುಡರಿಗೂ ವಿದ್ಯೆ ದೊರೆಯಿತು. ನಂಬಿದವರು ಹೆಚ್ಚು ದುಡಿಯುತ್ತಾರೆಂಬುದನ್ನು ನಾನು ಈ ಚರಿತ್ರೆಯಿಂದ ಕಲಿತೆ.

ರಮಾಬಾಯಿ ಹುಟ್ಟಿದ ನಾಡಿಗೂ ಈ ಸೇವೆಯ ಪಾಲು ಬಂತು: 1912ರಲ್ಲಿ ಮಗಳ ಜೊತೆಗೂಡಿ ಗುಲ್ಬರ್ಗಾದಲ್ಲಿ ಶಾಲೆಯೊಂದನ್ನು ತೆರೆದರು. 1921ರಲ್ಲಿ ಮನೋರಮೆ ತೀರಿಕೊಂಡಳು. ಇದ್ದೊಬ್ಬ ಮಗಳನ್ನು ಕಳೆದುಕೊಂಡ ಮೇಲೂ ತಾಯಿ ಕೆಲಸ ಬಿಡಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಮಾಡುತ್ತಿದ್ದ ಬೈಬಲಿನ ಅನುವಾದವನ್ನು ಮುಂದುವರಿಸಿ ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಮುಕ್ತಿ ಸದನ ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

ಅವರ ಮತವನ್ನು ಒಪ್ಪುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ತನ್ನ ತಾಯಿಗೆ ಸಕಾಲದಲ್ಲಿ ದೊರೆಯದ ರೊಟ್ಟಿಯನ್ನು ಸಾವಿರಾರು ಮಂದಿ ಪರರ ಮಕ್ಕಳಿಗೆ ಹಂಚಿದ ಆ ಕೈಗಳಿಗೆ, ಗೆಳೆಯರೇ, ನಾವೆಲ್ಲರೂ ಮುಗಿಯಬಹುದಲ್ಲವೇ?