‘ಟೊಳ್ಳುಗಟ್ಟಿ’ಯ ಕರ್ತೃ ಕೈಲಾಸಂ

ಕನ್ನಡ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಆಡಲು ಒಪ್ಪುವ ಹಾಸ್ಯನಾಟಕಗಳಲ್ಲಿ ‘ಟೊಳ್ಳುಗಟ್ಟಿ’ ಒಂದು. ಅದನ್ನು ರಚಿಸಿದ ಟಿ. ಪಿ. ಕೈಲಾಸಂ ಅವರು 1884ರಲ್ಲಿ ಜನಿಸಿದರು. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರು, ಮನೆಮಾತು ತಮಿಳು. ಕೈಲಾಸಂ ಮದರಾಸಿನಲ್ಲಿಯೂ ಲಂಡನ್ನಿನಲ್ಲಿಯೂ ಭೂಗರ್ಭಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಆದರೆ ಲಂಡನ್ನಿನ ನಾಟಕಶಾಲೆಗಳು ಅವರ ಮನಸ್ಸನ್ನು ಸೆಳೆದಿದ್ದವು. ಮರಳಿ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರೂ, ಕೆಲಕಾಲದಲ್ಲಿಯೇ ಆ ಉದ್ಯೋಗವನ್ನು ತ್ಯಜಿಸಿ ನಾಟಕಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಅಂದಿನ ಕನ್ನಡ ರಂಗದ ಮೇಲೆ ರಾಜರೂ ದೇವತೆಗಳೂ ತುಂಬಿದ್ದರು. ಕೈಲಾಸಂ ಅಲ್ಲಿಗೆ ಮಧ್ಯಮವರ್ಗದ ಮನೆಯನ್ನೂ ಇಂಗ್ಲಿಷ್ ಬೆರೆತ ಅದರ ಆಡುಮಾತನ್ನೂ ತಂದರು.

‘ಟೊಳ್ಳುಗಟ್ಟಿ’ಯಲ್ಲಿ ಸೋದರರಿಬ್ಬರು. ಪುಟ್ಟು ಪಾಠದಲ್ಲಿ ಮೊದಲಿಗ, ಮನೆಯವರ ಕಷ್ಟಕ್ಕೆ ಒದಗದವನು. ಮಾಧು ಪರೀಕ್ಷೆಯಲ್ಲಿ ಹಿಂದು, ಕರುಣೆಯಲ್ಲಿ ಮುಂದು. ಮಾಧುವಿನ ವೇಷ ಧರಿಸಿದವರು ಅವನನ್ನು ಪೆದ್ದನನ್ನಾಗಿ ಮಾಡಿ ನಗಿಸಿದರೆ ನಾಟಕವೇ ಕೆಟ್ಟಿತು. ಪುಸ್ತಕದ ಪಾಠದಿಂದಲೇ ಮಗನನ್ನು ಅಳೆಯುವ ಹಿರಿಯರ ಅಳತೆಗೋಲು ಅಲ್ಲಿ ನಗೆಗೀಡಾಗಬೇಕು. ಉನ್ನತ ಪರೀಕ್ಷೆಗಳನ್ನು ಸ್ವತಃ ದಾಟಿಬಂದ ವಿದ್ವಾಂಸರೇ ಈ ಅಳತೆಯನ್ನು ಒಪ್ಪಲಿಲ್ಲವೆಂಬುದು ಗಮನಾರ್ಹ.

ಕನ್ನಡನಾಡಿನ ಹೊರಗೆ, ಮದರಾಸಿನಲ್ಲಿ 1945ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮರುವರ್ಷ, 1946ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಕಾಲವಶರಾದರು.

ವಿದ್ಯಾರ್ಥಿಮಿತ್ರರೇ, ನೀವು ಈ ನಾಟಕವನ್ನು ಆಡುವುದಾದರೆ ಮಾಧುವಿನ ಪಾತ್ರವನ್ನು ತರಗತಿಯ ವಿದೂಷಕನಿಗೆ ಕೊಡಬೇಡಿರಿ. ಇನ್ನೊಬ್ಬರ ನೋವನ್ನು ಅರಿಯಬಲ್ಲವರಿಗೆ ಕೊಡಿರಿ. ಅಂಥವರು ಹಿಂದಿನ ಬೆಂಚಿನಲ್ಲಿಯೂ ಕುಳಿತಿರಬಹುದು.