ಮಕ್ಕಳ ತೋಟದ ಮಾಲಿ ಫ್ರೋಬೆಲ್

ಫ್ರೆಡರಿಕ್ ಫ್ರೋಬೆಲ್ ಮಹಾಶಯರು 1782ರಲ್ಲಿ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ ಈ ತಬ್ಬಲಿಯೇ ಮುಂದೆ ಶಿಶುಗಳಿಗೆ ಮಾತೃಸದೃಶರಾದರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯರಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು.

ಅಲ್ಲಿ ಎಂಟು ಚಿಕ್ಕ ಘನಗಳು ಕೂಡಿ ಆದ ಮರದ ಘನವೊಂದು ಮಗುವಿನ ಕೈಸೇರುತ್ತಿತ್ತು. ಅದನ್ನು ಬಿಡಿಸಿ ಜೋಡಿಸುತ್ತ ಮಗುವು ಅರ್ಧ, ಕಾಲು, ಅರೆಕಾಲುಗಳನ್ನು ತಾನೇ ಕಂಡುಕೊಳ್ಳುತ್ತಿತ್ತು. ತರುಣಿಯರನ್ನೂ ಅವರು ಶಿಕ್ಷಕಿಯರನ್ನಾಗಿ ಸಿದ್ಧಗೊಳಿಸಿದರು.

1851ರಲ್ಲಿ ಪ್ರಷ್ಯಾ ಸರಕಾರವು ನಾಸ್ತಿಕ್ಯದ ಆರೋಪ ಹೊರಿಸಿ ಇಂಥ ಶಾಲೆಗಳನ್ನು ನಿಷೇಧಿಸಿತು. ಮರುವರ್ಷವೇ ಅವರು ತೀರಿಕೊಂಡರು. ನಿಷೇಧವು ತೆರವಾದುದು 1860ರಲ್ಲಿ. ಅಷ್ಟರೊಳಗೆ ಆ ತೋಟದ ಸಸಿಗಳು ಪರದೇಶಗಳಲ್ಲಿಯೂ ಬೇರೂರಿದ್ದವು.

ಮನೆಯಲ್ಲಿ ಮಗುವು ಹುಣಿಸೆಬೀಜಗಳನ್ನು ಹರಡಿ ಎಣಿಸುತ್ತ ಕುಳಿತಾಗ ನಾವು ಗದರದಿರೋಣ. ಅದು ಗಣಿತವನ್ನೇ ಕಲಿಯುತ್ತಿರುವುದು.