ಸಾಣೆ ಬೇಡದ ಅಲಗು

ಭೀಮಾ ನದಿಯ ದಂಡೆಯ ಮೇಲಿರುವ ಸನ್ನತಿಯು ಕಲಬುರಗಿ ಜಿಲ್ಲೆಯ ಪ್ರಾಚೀನ ನೆಲೆಗಳಲ್ಲಿ ಒಂದು. ಚಿತ್ತಾಪುರ ತಾಲ್ಲೂಕಿಗೆ ಸೇರಿದ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಅಶೋಕ ಚಕ್ರವರ್ತಿಯ ಶಾಸನವು ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯಲ್ಲಿ ಬೌದ್ಧಸ್ತೂಪದ ಅವಶೇಷಗಳೂ, ಹೆಸರನ್ನು ಕೆತ್ತಿರುವ ಅಶೋಕನ ಶಿಲ್ಪವೂ ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆ ಈ ನದೀತೀರವು ಭಿಕ್ಷುಗಳ ನೆಲೆಯಾಗಿದ್ದಿತು. ಸಕಲವನ್ನೂ ತೊರೆದು ಬಂದ ಭಿಕ್ಷುವು ತನ್ನದೆಂದು ಇಟ್ಟುಕೊಳ್ಳಬಹುದಾಗಿದ್ದ ವಸ್ತುಗಳು ಎಂಟೇ ಎಂಟು: ಮೂರು ವಸ್ತ್ರಗಳು, ಒಂದು ಭಿಕ್ಷಾಪಾತ್ರೆ, ಒಂದು ನಡುಪಟ್ಟಿ, ಒಂದು ಸೂಜಿ, ನೀರು ಸೋಸುವ ಬಟ್ಟೆ ಮತ್ತು ಒಂದು ಕ್ಷೌರದ ಕತ್ತಿ. ಮನೆಮಠಗಳನ್ನು ಬಿಟ್ಟವನೂ ಕ್ಷೌರದ ಕತ್ತಿಯನ್ನು ಬಿಡುವಂತಿರಲಿಲ್ಲ. ಕತ್ತಿಯಿದ್ದೆಡೆ ಸಾಣೆಯೂ ಇರಬೇಕಷ್ಟೆ. ಭಿಕ್ಷುಗಳ ನಡೆವಳಿಕೆಯನ್ನು ಗೊತ್ತುಪಡಿಸಿದ ವಿನಯಪಿಟಕವು ಕತ್ತಿಯ ಜೊತೆಗೆ ಅದನ್ನು ಮಸೆಯುವ ಕಲ್ಲಿಗೂ, ಅದರ ಒರೆಗೂ ಅನುಮತಿಯನ್ನು ನೀಡಿದೆ.

ಆ ಕಾಲದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಪ್ರಪಂಚದಲ್ಲೆಲ್ಲ ಸ್ಥಿತಿಯು ಹೆಚ್ಚು ಬದಲಾಗಲಿಲ್ಲ. ಅಲಗು ಎಷ್ಟೇ ಒಳ್ಳೆಯ ಉಕ್ಕಿನದಾಗಿರಲಿ, ಕೂದಲನ್ನು ಕತ್ತರಿಸುತ್ತ ಹೋದಂತೆ ಅದರ ತೆಳುವಾದ ಅಂಚು ಕಣ್ಣಿಗೆ ಕಾಣದಷ್ಟು ನವಿರಾಗಿ ಬಾಗುತ್ತದೆ. ಬಾಗಿದ ಅಂಚನ್ನು ನೇರಗೊಳಿಸಲು ಅಲಗನ್ನು ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು. ಎಳೆಯುವಾಗ ಅಲಗಿನ ಬೆನ್ನು ಮುಂದಿರಬೇಕು, ಅಂಚು ಹಿಂದಿರಬೇಕು. ಪಟ್ಟಿಯ ಕೊನೆ ಮುಟ್ಟಿದೊಡನೆ ಅಲಗನ್ನು ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತರಬೇಕು. ಅಂಚು ಮುಂದಾದರೆ ಚರ್ಮವೂ ಹರಿಯುತ್ತದೆ, ಅಲಗೂ ಕೆಡುತ್ತದೆ. ಪಟ್ಟಿಯಿಂದಲೂ ಸರಿಹೋಗದಷ್ಟು ಮೊಂಡಾದಾಗ ಸಾಣೆಕಲ್ಲೇ ಗತಿ. ಕಲ್ಲು ಉಕ್ಕನ್ನು ಸವೆಸಿ ಹೊಸ ಅಂಚನ್ನು ತರುತ್ತದೆ. ಚರ್ಮವು ಇದ್ದ ಅಂಚನ್ನು ತಿದ್ದುತ್ತದೆ. ಇದು ನುರಿತ ಕೈಗಳ ವಿದ್ಯೆ. ಆದುದರಿಂದಲೇ ಕ್ಷೌರಿಕರ ಹಡಪದಲ್ಲಿ ಕತ್ತಿ, ಕತ್ತರಿ, ಬಾಚಣಿಗೆಗಳ ಜೊತೆಗೆ ಸಾಣೆಕಲ್ಲೂ ಚರ್ಮದ ಪಟ್ಟಿಯೂ ತಪ್ಪದೆ ಇರುತ್ತಿದ್ದವು.

ಈ ಸಾಣೆಯೇ ಬೇಡವಾದರೆ ಹೇಗೆ ಎಂದು ಒಬ್ಬ ಮನುಷ್ಯನು ಆಲೋಚಿಸಿದನು. ಅವನು ಕಮ್ಮಾರನಲ್ಲ, ಕ್ಷೌರಿಕನಲ್ಲ, ವಿಜ್ಞಾನಿಯೂ ಅಲ್ಲ. ಊರೂರು ತಿರುಗಿ ಸಾಮಾನು ಮಾರುತ್ತಿದ್ದ ಸಾಮಾನ್ಯ ಮಾರಾಟಗಾರ. ಅವನೇ ಕಿಂಗ್ ಕ್ಯಾಂಪ್ ಜಿಲೆಟ್.

ಜಿಲೆಟ್ಟನು 1855ನೆಯ ಇಸವಿ ಜನವರಿ 5ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ ಜನಿಸಿದನು. ಕಿಂಗ್ ಎಂಬುದು ಬಿರುದಲ್ಲ, ಅವನ ಹೆಸರೇ ಅದು. ಕ್ಯಾಂಪ್ ಎಂಬುದು ತಾಯಿಯ ತವರಿನ ಹೆಸರು. ತಂದೆ ಜಾರ್ಜ್ ಜಿಲೆಟ್ಟನಿಗೆ ಹೊಸ ಉಪಕರಣಗಳನ್ನು ರೂಪಿಸುವ ಹವ್ಯಾಸವಿದ್ದಿತು. ತಾಯಿ ಫ್ಯಾನಿಯು ಪಾಕಕಲೆಯಲ್ಲಿ ನಿಪುಣೆ. 1887ರಲ್ಲಿ ಹೊರಬಂದ ಆಕೆಯ ಅಡುಗೆಯ ಪುಸ್ತಕವು ದೇಶದಲ್ಲೆಲ್ಲ ಹೆಸರಾಯಿತು. ಮಕ್ಕಳು ಕೈಕಟ್ಟಿ ಕುಳಿತಿರುವುದು ಆ ಮನೆಯಲ್ಲಿ ಯಾರಿಗೂ ಹಿಡಿಸುತ್ತಿರಲಿಲ್ಲ. ವಸ್ತುಗಳನ್ನು ಬಿಚ್ಚಿ ನೋಡುವುದು, ಅವು ಕೆಲಸಮಾಡುವ ಬಗೆಯನ್ನು ತಿಳಿಯುವುದು, ಇನ್ನೂ ಚೆನ್ನಾಗಿ ಮಾಡುವ ದಾರಿಯನ್ನು ಹುಡುಕುವುದು ಹುಡುಗನಿಗೆ ಸಹಜವಾಗಿಯೇ ಬಂದವು.

ಕುಟುಂಬವು ಷಿಕಾಗೋ ನಗರದಲ್ಲಿ ನೆಲಸಿ ನೆಮ್ಮದಿಯಿಂದ ಇದ್ದಿತು. 1871ರ ಅಕ್ಟೋಬರ್ ತಿಂಗಳಿನಲ್ಲಿ ಆ ನಗರಕ್ಕೆ ಭಯಂಕರವಾದ ಬೆಂಕಿ ಬಿದ್ದಿತು. ಜಿಲೆಟ್ ಕುಟುಂಬದ ವ್ಯಾಪಾರವು ಬೂದಿಯಾಯಿತು. ಆಗ ಜಿಲೆಟ್ಟನಿಗೆ ಹದಿನಾರು ವರ್ಷ. ಶಾಲೆಯ ಬಾಗಿಲು ಅವನ ಪಾಲಿಗೆ ಮುಚ್ಚಿತು. ಕಬ್ಬಿಣದ ಸಾಮಾನುಗಳ ಅಂಗಡಿಯಲ್ಲಿ ಗುಮಾಸ್ತನಾಗಿ ದುಡಿಯತೊಡಗಿದ ಅವನು ಮುಂದೆ ಊರೂರು ಸುತ್ತುವ ಮಾರಾಟಗಾರನಾದನು. ಹಗಲೆಲ್ಲ ವ್ಯಾಪಾರ, ರಾತ್ರಿ ರೈಲಿನ ಪ್ರಯಾಣ. ನಡುವೆ ಬಿಡುವು ದೊರೆತಾಗ ಹೊಸ ಉಪಕರಣಗಳ ಚಿಂತನೆ. ಕೆಲವಕ್ಕೆ ಹಕ್ಕುಪತ್ರಗಳೂ ದೊರೆತವು. ಆದರೆ ಅವುಗಳಿಂದ ಹಣ ಬರಲಿಲ್ಲ.

1890ರ ದಶಕದಲ್ಲಿ ಅವನು ವಿಲಿಯಂ ಪೇಂಟರ್ ಎಂಬಾತನ ಕಂಪನಿಯನ್ನು ಸೇರಿದನು. ಸೋಡಾ ಬಾಟಲಿಯ ಬಾಯಿಗೆ ಹಾಕುವ, ಅಂಚನ್ನು ಸುತ್ತಲೂ ಮಡಿಸಿದ ತಗಡಿನ ಮುಚ್ಚಳವನ್ನು ಕಂಡುಹಿಡಿದವನು ಈ ಪೇಂಟರ್. ಬಾಟಲಿಯನ್ನು ತೆರೆದೊಡನೆ ಮುಚ್ಚಳವು ನಿರುಪಯೋಗವಾಗುತ್ತಿದ್ದಿತು. ಮರುದಿನ ಮತ್ತೊಂದು ಬೇಕಾಗುತ್ತಿದ್ದಿತು. ಒಮ್ಮೆ ಬಳಸಿ ಎಸೆಯುವಂಥ, ಕೊಂಡವನು ಮತ್ತೆ ಮತ್ತೆ ಕೊಳ್ಳಲು ಬರುವಂಥ ವಸ್ತುವನ್ನು ಹುಡುಕುವಂತೆ ಪೇಂಟರನು ಜಿಲೆಟ್ಟನಿಗೆ ಸಲಹೆಯಿತ್ತನು. ಈ ಮಾತು ಜಿಲೆಟ್ಟನ ಮನಸ್ಸಿನಲ್ಲಿ ಬೇರೂರಿತು. ಜನರು ದಿನವೂ ಬಳಸುವ ವಸ್ತುಗಳ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದಾಗಿ ನೆನೆಯುತ್ತ ಅವನು ಕಾಲ ಕಳೆದನು. ಏನೂ ಹೊಳೆಯಲಿಲ್ಲ.

ಇದೇ ಅವಧಿಯಲ್ಲಿ ಜಿಲೆಟ್ಟನ ಮನಸ್ಸನ್ನು ಮತ್ತೊಂದು ಚಿಂತೆಯೂ ಕಾಡುತ್ತಿದ್ದಿತು. ಒಬ್ಬರನ್ನೊಬ್ಬರು ತುಳಿದು ಮೇಲೇರುವ ವ್ಯಾಪಾರದ ಪೈಪೋಟಿಯೇ ಬಡತನ, ಅಪವ್ಯಯ, ಅಪರಾಧಗಳಿಗೆ ಮೂಲವೆಂದು ಅವನು ನಂಬಿದ್ದನು. 1894ರಲ್ಲಿ ಅವನು ಒಂದು ಪುಸ್ತಕವನ್ನು ಪ್ರಕಟಿಸಿದನು. ಎಲ್ಲ ಉತ್ಪಾದನೆಯೂ ಜನರೆಲ್ಲರ ಒಡೆತನದ ಒಂದೇ ಸಂಸ್ಥೆಗೆ ಸೇರಬೇಕು. ನಯಾಗರ ಜಲಪಾತದ ಶಕ್ತಿಯನ್ನು ಬಳಸಿಕೊಂಡು ಕೋಟ್ಯಂತರ ಜನರಿಗೆ ಒಂದೇ ಮಹಾನಗರವನ್ನು ಕಟ್ಟಬೇಕು ಎಂಬುದು ಅದರ ಸಾರ. ಪುಸ್ತಕವನ್ನು ಓದಿದವರು ಕೆಲವರೇ. ಪೈಪೋಟಿಯನ್ನು ದ್ವೇಷಿಸಿದ ಈ ಮನುಷ್ಯನೇ ಮರುವರ್ಷ ಪ್ರಪಂಚದ ದೊಡ್ಡ ವ್ಯಾಪಾರಗಳಲ್ಲೊಂದಕ್ಕೆ ಬೀಜ ಬಿತ್ತಿದುದು ಜೀವನದ ವಿಚಿತ್ರ.

1895ರ ಒಂದು ಬೆಳಿಗ್ಗೆ ಜಿಲೆಟ್ಟನು ಕ್ಷೌರಕ್ಕೆಂದು ಕನ್ನಡಿಯ ಮುಂದೆ ನಿಂತನು. ಕತ್ತಿ ಮೊಂಡಾಗಿದ್ದಿತು, ಚರ್ಮದ ಪಟ್ಟಿಯಿಂದ ಸರಿಹೋಗುವ ಹಂತವನ್ನು ಮೀರಿದ್ದಿತು. ಸಾಣೆ ಹಿಡಿಯುವವನ ಬಳಿಗೆ ಒಯ್ಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಕತ್ತಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆ ಅವನಿಗೆ ಒಂದು ಸಂಗತಿ ಹೊಳೆಯಿತು. ಕೂದಲನ್ನು ಕತ್ತರಿಸುವುದು ಅಲಗಿನ ತುದಿಯಂಚು ಮಾತ್ರ. ಉಳಿದ ಉಕ್ಕೆಲ್ಲವೂ ಆ ಅಂಚಿಗೆ ಆಧಾರವಷ್ಟೆ. ಅಂಚಿಗಾಗಿ ಅಷ್ಟೊಂದು ಉಕ್ಕನ್ನು ಕಾಯಿಸಿ, ಬಡಿದು, ಮಸೆಯುವುದೇಕೆ? ತೆಳುವಾದ ಉಕ್ಕಿನ ತಗಡಿನ ಎರಡು ಬದಿಗೂ ಅಂಚು ಕೊಟ್ಟು, ಅದನ್ನು ಹಿಡಿಕೆಯ ತಲೆಯಲ್ಲಿ ಬಿಗಿದರೆ ಸಾಲದೆ? ಮೊಂಡಾದ ತಗಡನ್ನು ಎಸೆದು ಹೊಸದನ್ನು ಇಟ್ಟರಾಯಿತು.

ಸುರಕ್ಷಿತ ರೇಜರ್ ಎಂಬ ಕಲ್ಪನೆಯು ಅಷ್ಟರೊಳಗೆ ಹೊಸದಾಗಿ ಉಳಿದಿರಲಿಲ್ಲ. ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು 1880ರಲ್ಲಿಯೇ ಅಂಥ ರೇಜರಿಗೆ ಹಕ್ಕುಪತ್ರವನ್ನು ಪಡೆದಿದ್ದರು. ಅವರ ರೇಜರು ಸ್ಟಾರ್ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದಿತು. ಅದರ ಅಲಗಿಗೆ ಒಂದೇ ಅಂಚು. ಅಲಗು ಬೆಣೆಯಂತೆ ಬೆನ್ನಿನ ಕಡೆ ದಪ್ಪ, ಅಂಚಿನ ಕಡೆ ತೆಳು. ಚರ್ಮಕ್ಕೆ ಗಾಯವಾಗದಂತೆ ಮುಂದೆ ತಡೆಯೊಂದಿತ್ತು. ಆದರೆ ಆ ಅಲಗನ್ನು ಮೇಲಿಂದ ಮೇಲೆ ಹೊರತೆಗೆದು, ಪ್ರತ್ಯೇಕವಾದ ಹಿಡಿಕೆಗೆ ಸಿಕ್ಕಿಸಿ, ಚರ್ಮದ ಪಟ್ಟಿಯ ಮೇಲೆ ಉಜ್ಜಲೇಬೇಕಾಗಿತ್ತು. ಗಾಯದ ಭಯ ತಗ್ಗಿತ್ತು. ಮಸೆಯುವ ಶ್ರಮ ತಗ್ಗಿರಲಿಲ್ಲ. ಜಿಲೆಟ್ಟನು ತೆಗೆಯಬಯಸಿದುದು ಆ ಶ್ರಮವನ್ನು.

ಅವನು ಹಿತ್ತಾಳೆಯ ತುಂಡುಗಳನ್ನೂ, ಗಡಿಯಾರದ ಸುರುಳಿಗೆ ಬಳಸುವ ಉಕ್ಕಿನ ಪಟ್ಟಿಯನ್ನೂ, ಅರಗಳನ್ನೂ ಕೊಂಡು ತಂದು ಒರಟಾದ ಮಾದರಿಯೊಂದನ್ನು ಸಿದ್ಧಪಡಿಸಿದನು. ಕೆಲಸವು ಇಷ್ಟರಲ್ಲಿಯೇ ಮುಗಿಯಿತೆಂದು ಭಾವಿಸಿದನು. ನಿಜವಾದ ಕಷ್ಟವು ಅಲ್ಲಿಂದ ಮುಂದೆ ಆರಂಭವಾಯಿತು. ಉಕ್ಕನ್ನು ಗಟ್ಟಿಮಾಡಲು ಕಾಯಿಸಿ ತಟ್ಟನೆ ತಣಿಸಬೇಕು. ದಪ್ಪ ಉಕ್ಕು ಇದನ್ನು ತಾಳಿಕೊಳ್ಳುತ್ತದೆ. ಕಾಗದದಂತೆ ತೆಳುವಾದ ತಗಡು ಸೊಟ್ಟಗಾಗುತ್ತದೆ. ಸೊಟ್ಟಗಾದ ತಗಡಿಗೆ ಅಂಚು ನಿಲ್ಲದು. ಜಿಲೆಟ್ಟನು ಕತ್ತಿ ಮಾಡುವವರನ್ನು ಕೇಳಿದನು, ಉಕ್ಕಿನ ವ್ಯಾಪಾರಿಗಳನ್ನು ಕೇಳಿದನು, ಮೆಸಾಚುಸೆಟ್ಸಿನ ಹೆಸರಾಂತ ತಂತ್ರಜ್ಞಾನ ಸಂಸ್ಥೆಯ ಪಂಡಿತರನ್ನೂ ಕೇಳಿದನು. ಇದು ಆಗದ ಕೆಲಸ, ಕೈಬಿಡುವುದೇ ಲೇಸು ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಸ್ನೇಹಿತರು ಅವನ ರೇಜರನ್ನು ಹಾಸ್ಯದ ವಿಷಯವಾಗಿಸಿಕೊಂಡರು. ಉಕ್ಕಿನ ಶಾಸ್ತ್ರವು ತನಗೆ ತಿಳಿದಿದ್ದರೆ ಆ ಪ್ರಯತ್ನವನ್ನು ತಾನೂ ಬಿಟ್ಟುಬಿಡುತ್ತಿದ್ದೆನೆಂದು ಜಿಲೆಟ್ಟನು ಮುಂದೆ ಒಪ್ಪಿಕೊಂಡನು. ಹೀಗೆ ಆರು ವರ್ಷಗಳು ಉರುಳಿದವು.

ಕೊನೆಗೆ ವಿಲಿಯಂ ನಿಕರ್ಸನ್ ಎಂಬ ತಂತ್ರಜ್ಞನು ನೆರವಿಗೆ ಬಂದನು. ಆಗದೆಂದು ಹೇಳಿದ ಸಂಸ್ಥೆಯಲ್ಲಿಯೇ ಓದಿದವನು ಈತ. ತೆಳುವಾದ ಉಕ್ಕನ್ನು ಹದಗೊಳಿಸುವ ಮತ್ತು ಹರಿತಗೊಳಿಸುವ ಯಂತ್ರಗಳನ್ನು ಅವನು ರೂಪಿಸಿದನು. 1901ರಲ್ಲಿ ಬಾಸ್ಟನ್ ನಗರದಲ್ಲಿ ಕಂಪನಿಯು ಸ್ಥಾಪನೆಯಾಯಿತು. ಮರುವರ್ಷ ಅದಕ್ಕೆ ಜಿಲೆಟ್ಟನ ಹೆಸರನ್ನೇ ಇಡಲಾಯಿತು. ಮಾರಾಟವು ಆರಂಭವಾದುದು 1903ರಲ್ಲಿ. ಆ ವರ್ಷವೆಲ್ಲ ಮಾರಾಟವಾದುವು 51 ರೇಜರುಗಳು ಮತ್ತು 168 ಬ್ಲೇಡುಗಳು ಮಾತ್ರ! ಎಂಟು ವರ್ಷಗಳ ತಪಸ್ಸಿಗೆ ದೊರೆತ ಫಲ ಅಷ್ಟೆ. ಆದರೆ ಕೊಂಡವರು ಇತರರಿಗೆ ಹೇಳಿದರು. 1904ರಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ರೇಜರುಗಳು ಮಾರಾಟವಾದವು. ಅದೇ ವರ್ಷ ನವೆಂಬರ್ 15ರಂದು ಜಿಲೆಟ್ಟನಿಗೆ ಹಕ್ಕುಪತ್ರವು ದೊರೆಯಿತು.

ಮೀಸೆ ಹೊತ್ತ ಜಿಲೆಟ್ಟನ ಮುಖವೂ ಅವನ ಸಹಿಯೂ ಬ್ಲೇಡಿನ ಹೊದಿಕೆಯ ಮೇಲೆ ಅಚ್ಚಾಗಿ ದೇಶದೇಶಗಳಿಗೆ ಹೋದವು. ಅವನು ಎಲ್ಲಿಗೆ ಹೋದರೂ ಜನರು ಗುರುತಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರವು ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನೂ ಮೂರು ಕೋಟಿಗೂ ಮೀರಿದ ಬ್ಲೇಡುಗಳನ್ನೂ ಕೊಂಡಿತು. ಯುದ್ಧವು ಮುಗಿದ ಮೇಲೆ ಸೈನಿಕರು ರೇಜರನ್ನಷ್ಟೇ ಅಲ್ಲ, ತಮ್ಮ ಕ್ಷೌರವನ್ನು ತಾವೇ ಮಾಡಿಕೊಳ್ಳುವ ರೂಢಿಯನ್ನೂ ಮನೆಗೆ ಒಯ್ದರು.

ಸಿರಿಯು ಬಂದರೂ ಜಿಲೆಟ್ಟನು ತನ್ನ ಹಳೆಯ ಕನಸನ್ನು ಮರೆಯಲಿಲ್ಲ. 1910ರಲ್ಲಿ ಅವನು ಪ್ರಪಂಚಕ್ಕೆಲ್ಲ ಒಂದೇ ಉತ್ಪಾದನಾ ಸಂಸ್ಥೆಯ ಯೋಜನೆಯನ್ನು ಮುಂದಿಟ್ಟು, ಅದರ ಅಧ್ಯಕ್ಷ ಪದವಿಯನ್ನು ವಹಿಸಲು ಥಿಯೋಡರ್ ರೂಸ್‌ವೆಲ್ಟನಿಗೆ ಹತ್ತು ಲಕ್ಷ ಡಾಲರುಗಳನ್ನು ಕೊಡಲು ಸಿದ್ಧನಾದನು. ರೂಸ್‌ವೆಲ್ಟನು ಒಪ್ಪಲಿಲ್ಲ. 1924ರಲ್ಲಿ ಮತ್ತೊಂದು ಪುಸ್ತಕವನ್ನು ಪ್ರಕಟಿಸಿದನು. ಅದನ್ನೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಬ್ಲೇಡನ್ನು ಲೋಕವು ಆತುರದಿಂದ ಕೊಂಡಿತು. ಅವನ ವಿಚಾರವನ್ನು ಯಾರೂ ಕೊಳ್ಳಲಿಲ್ಲ.

ಸಾಣೆಯನ್ನು ದೂರಮಾಡಹೊರಟವನಿಗೆ ಸಾಣೆಯೇ ಎದುರಾಳಿಯಾಗಿ ಬಂದುದೂ ಉಂಟು. ಹೆನ್ರಿ ಗೈಸ್‌ಮನ್ ಎಂಬಾತನು ಆಟೋಸ್ಟ್ರಾಪ್ ಎಂಬ ರೇಜರನ್ನು ರೂಪಿಸಿದ್ದನು. ಅದರ ಬ್ಲೇಡಿಗೆ ಒಂದೇ ಅಂಚು. ಬ್ಲೇಡನ್ನು ಹೊರತೆಗೆಯದೆಯೇ ಚರ್ಮದ ಪಟ್ಟಿಯನ್ನು ರೇಜರಿನ ತಲೆಯೊಳಗೆ ತೂರಿಸಿ ಹಿಂದೆ ಮುಂದೆ ಎಳೆದರೆ ಬ್ಲೇಡು ತಾನಾಗಿಯೇ ಹೊರಳುತ್ತ ಹರಿತವಾಗುತ್ತಿದ್ದಿತು. ಒಂದೇ ಬ್ಲೇಡನ್ನು ಬಹುದಿನ ಬಳಸಬಹುದಾಗಿತ್ತು. ಎಸೆಯುವ ಬ್ಲೇಡು, ಉಳಿಸುವ ಬ್ಲೇಡು ಎರಡೂ ಅಂಗಡಿಗಳಲ್ಲಿ ಎದುರುಬದುರಾಗಿ ನಿಂತವು. ಮುಂದೆ ಹೊಸ ಮಾದರಿಯ ಬ್ಲೇಡೊಂದರ ಹಕ್ಕಿನ ವಿಷಯದಲ್ಲಿ ಎರಡು ಕಂಪನಿಗಳಿಗೂ ವಿವಾದವೆದ್ದು, 1930ರಲ್ಲಿ ಅವು ಒಂದಾದವು. ಆ ಸಂದರ್ಭದಲ್ಲಿ ಜಿಲೆಟ್ ಕಂಪನಿಯ ಲಾಭವನ್ನು ಹಿಂದಿನ ವರ್ಷಗಳಲ್ಲಿ ಹೆಚ್ಚಿಸಿ ತೋರಿಸಲಾಗಿತ್ತೆಂಬುದು ಬಯಲಿಗೆ ಬಂದಿತು. ಆಡಳಿತವು ಗೈಸ್‌ಮನ್ನನ ಕೈಸೇರಿತು. ಜಿಲೆಟ್ಟನು ಅಧ್ಯಕ್ಷ ಪದವಿಯಿಂದ ಹಿಂದೆ ಸರಿದನು. 1929ರ ಆರ್ಥಿಕ ಕುಸಿತವು ಅವನ ಸಂಪತ್ತನ್ನು ಆ ಮೊದಲೇ ಕರಗಿಸಿದ್ದಿತು. ಕೋಟ್ಯಧೀಶನೆನಿಸಿದ್ದವನು ಬಹುಮಟ್ಟಿಗೆ ಬರಿಗೈಯವನಾಗಿ 1932ರ ಜುಲೈ 9ರಂದು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು.

ಜಿಲೆಟ್ಟನ ಬಾಳು ಎರಡು ಪಾಠಗಳನ್ನು ಕಲಿಸುತ್ತದೆ. ಬಲ್ಲವರೆಲ್ಲರೂ ಆಗದೆಂದ ಕೆಲಸವು ಪಟ್ಟುಬಿಡದವನ ಕೈಯಲ್ಲಿ ಆಗಬಹುದು ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಗಹನವಾದುದು. ಅಪವ್ಯಯವನ್ನು ಜೀವನವಿಡೀ ಖಂಡಿಸಿದವನೇ ಬಳಸಿ ಎಸೆಯುವ ರೂಢಿಯನ್ನು ಲೋಕಕ್ಕೆ ಕಲಿಸಿದವರಲ್ಲಿ ಒಬ್ಬನಾದನು. ಅವನು ತೋರಿದ ದಾರಿಯಲ್ಲಿ ಇಂದು ಲೇಖನಿ, ಲೋಟ, ಚೀಲಗಳೂ ನಡೆದಿವೆ. ಕಸದ ರಾಶಿಗಳು ಊರ ಹೊರಗೆ ಬೆಟ್ಟವಾಗಿ ಬೆಳೆಯುತ್ತಿವೆ. ಒಂದು ಅನುಕೂಲವು ಒಂದು ಹೊಣೆಯನ್ನೂ ತರುತ್ತದೆ. ಬಳಸಿದ ಬ್ಲೇಡನ್ನು ಬೀದಿಗೆ ಎಸೆದರೆ ಅದು ಕಸ ಆಯುವ ಬಡವನ ಕೈಯನ್ನೋ, ಮೇಯುವ ದನದ ಬಾಯಿಯನ್ನೋ ಸೀಳುತ್ತದೆ. ಅದನ್ನು ಗಟ್ಟಿ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಕೂಡಿಟ್ಟು ಬೇರೆಯಾಗಿ ವಿಲೇವಾರಿ ಮಾಡುವುದು ಪ್ರತಿಯೊಬ್ಬನ ಕರ್ತವ್ಯ.

ಇಂದು ಸೇಡಂ, ಚಿತ್ತಾಪುರ, ವಾಡಿಗಳಂಥ ಊರುಗಳ ಕ್ಷೌರದ ಅಂಗಡಿಗೆ ಹೋದರೆ ಒಂದು ನೋಟವು ಕಣ್ಣಿಗೆ ಬೀಳುತ್ತದೆ. ಕ್ಷೌರಿಕನು ಹೊಸ ಬ್ಲೇಡನ್ನು ಕಾಗದದ ಹೊದಿಕೆಯೊಡನೆಯೇ ಉದ್ದಕ್ಕೆ ಮುರಿದು ಎರಡು ಮಾಡುತ್ತಾನೆ. ಅರ್ಧವನ್ನು ಹಿಡಿಕೆಗೆ ಸಿಕ್ಕಿಸುತ್ತಾನೆ. ಮತ್ತೊಂದರ್ಧವನ್ನು ಮುಂದಿನವನಿಗಾಗಿ ತೆಗೆದಿರಿಸುತ್ತಾನೆ. ಒಬ್ಬರಿಗೆ ಬಳಸಿದ ಅಲಗನ್ನು ಮತ್ತೊಬ್ಬರಿಗೆ ಬಳಸಿದರೆ ರಕ್ತದ ಮೂಲಕ ರೋಗವು ಹರಡಬಹುದು. ಆದುದರಿಂದ ಈ ಎಚ್ಚರ. ಜಿಲೆಟ್ಟನು ಎರಡು ಅಂಚು ಕೊಟ್ಟ ಬ್ಲೇಡು ಅಲ್ಲಿ ಮತ್ತೆ ಒಂದೇ ಅಂಚಿನ ಅಲಗಾಗುತ್ತದೆ. ಸಾಣೆಯ ಕಲ್ಲೂ ಚರ್ಮದ ಪಟ್ಟಿಯೂ ಮರೆಯಾಗಿವೆ. ಅಲಗನ್ನು ಹಿಡಿದು ಕೆನ್ನೆಯ ಮೇಲೆ ಹಗುರವಾಗಿ ನಡೆಸುವ ನುರಿತ ಕೈ ಮಾತ್ರ ಇನ್ನೂ ಹಾಗೆಯೇ ಉಳಿದಿದೆ.